ಗೌರಿ ಹುಣ್ಣಿಮೆಯ ರಾತ್ರಿ ಥಾಯ್ಲೆಂಡ್‌ನಲ್ಲಿ ದೀಪ ತೇಲಿಬಿಡುವವರಿಗೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಶೀಗಿ ಹುಣ್ಣಿಮೆ ಕಳೆದ ಮೇಲೆ ಬರುವುದು ಗೌರಿ ಹುಣ್ಣಿಮೆ. ಇಲ್ಲಿ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ತಟ್ಟೆ ಹಿಡಿದು ಗೌರಿಗೆ ಆರತಿ ಬೆಳಗಲು ಹೊರಡುವ ಹೊತ್ತಿಗೆ ಅಲ್ಲಿ ಥಾಯ್ಲೆಂಡ್‌ನಲ್ಲಿ ಜನ ಬಾಳೆಕಾಂಡದ ತುಂಡಿನ ಮೇಲೆ ದೀಪ ಹಚ್ಚಿ ಹೊಳೆಗೆ ಬಿಡುತ್ತಿರುತ್ತಾರೆ. ಹಬ್ಬದ ಹೆಸರು ಲೋಯ್ ಕ್ರಥೋಂಗ್. ತೇಲಿಬಿಡುವ ಆ ಪುಟ್ಟ ತೆಪ್ಪವೇ ಕ್ರಥೋಂಗ್. ಅವರ ಚಾಂದ್ರಮಾನ ಲೆಕ್ಕದ ಹನ್ನೆರಡನೇ ತಿಂಗಳ ಹುಣ್ಣಿಮೆಗೆ ಈ ಹಬ್ಬ. ಸಾಮಾನ್ಯವಾಗಿ ಅದು ನಮ್ಮ ಕಾರ್ತಿಕ ಹುಣ್ಣಿಮೆಗೇ ಬಂದು ಕೂರುತ್ತದೆ. 2024ರಲ್ಲಿ ನವೆಂಬರ್ 15ಕ್ಕೆ ಬಂದಿತ್ತು, 2025ರಲ್ಲಿ ನವೆಂಬರ್ 5ಕ್ಕೆ. ಅಲ್ಲಿ ಅದಕ್ಕೆ ಸರ್ಕಾರಿ ರಜೆ ಇಲ್ಲ. ಹಗಲೆಲ್ಲ ಕಚೇರಿ, ಅಂಗಡಿ ತೆರೆದೇ ಇರುತ್ತವೆ, ಸಂಜೆಯಾಗುತ್ತಿದ್ದಂತೆ ಊರಿಗೆ ಊರೇ ನೀರಿನ ಕಡೆ ನಡೆಯುತ್ತದೆ.

ಮಳೆಗಾಲ ಮುಗಿದು ಹೊಳೆ, ಕೆರೆಗಳು ತುಂಬಿರುವ ಕಾಲವದು. ವರ್ಷವಿಡೀ ನಿನ್ನನ್ನು ಬಳಸಿದ್ದೇವೆ, ನಿನ್ನಲ್ಲಿ ಕೊಳೆ ತೊಳೆದಿದ್ದೇವೆ, ಕ್ಷಮಿಸು ಅಂತ ಗಂಗಾಮಾತೆಯನ್ನು ಕೇಳಿಕೊಳ್ಳುವುದು ಈ ಹಬ್ಬದ ತಿರುಳು. ಜೊತೆಗೆ ತಮ್ಮ ಕೆಟ್ಟ ಗಳಿಗೆಯನ್ನು ತೆಪ್ಪದ ಮೇಲೇರಿಸಿ ಕಳಿಸುವ ನಂಬಿಕೆಯೂ ಉಂಟು. ಕೆಲವರು ಉಗುರಿನ ಚೂರು, ಒಂದೆರಡು ಕೂದಲೆಳೆ ಇಡುತ್ತಾರೆ. ಚಿಲ್ಲರೆ ನಾಣ್ಯ ಇಡುವವರೂ ಇದ್ದಾರೆ. ಕತ್ತಲಲ್ಲಿ ಈಜಿ ಬಂದು ಆ ನಾಣ್ಯ ಹೆಕ್ಕುವ ಹುಡುಗರೂ ಇದ್ದಾರೆ. ಹಳೇ ರಾಜಧಾನಿ ಸುಖೋಥಾಯ್‌ನ ಅರಮನೆಯ ನೊಪ್ಪಮಾಸ್ ಎಂಬ ಚೆಲುವೆ ಮೊದಲ ಕ್ರಥೋಂಗ್ ಮಾಡಿದಳು ಎಂಬ ಕಥೆಯನ್ನು ಗೈಡುಗಳು ಇತಿಹಾಸದ ಧಾಟಿಯಲ್ಲೇ ಹೇಳುತ್ತಾರೆ. ಆದರೆ ಆ ಕಥೆಯ ಗ್ರಂಥ ಹುಟ್ಟಿದ್ದು ಬಹಳ ಈಚೆಗೆ, ಹತ್ತೊಂಬತ್ತನೇ ಶತಮಾನದಲ್ಲಿ, ಥಾಯ್ಲೆಂಡ್‌ನ ಮೂರನೇ ರಾಮ ದೊರೆಯ ಕಾಲದಲ್ಲಿ ಎಂಬುದು ವಿದ್ವಾಂಸರ ಅಭಿಪ್ರಾಯ. ಕಥೆ ಚೆನ್ನಾಗಿದೆ, ಕೇಳಿಸಿಕೊಳ್ಳಿ, ಅಷ್ಟೇ.

ಹಬ್ಬ ಇರುವುದೇ ನೀರಿನ ಕ್ಷಮೆ ಕೇಳುವುದಕ್ಕೆ. ಹಾಗಾಗಿ ಎಲ್ಲಿಗೆ ಹೋಗಬೇಕು, ಎಂಥ ಕ್ರಥೋಂಗ್ ಕೊಳ್ಳಬೇಕು, ಎಷ್ಟು ಬಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಒಂದೇ ಅಳತೆ ಸಾಕು: ಮರುದಿನ ಬೆಳಗ್ಗೆ ಆ ನೀರಿನಲ್ಲಿ ಏನು ಉಳಿದಿರುತ್ತದೆ? ಟೂರ್ ಪ್ಯಾಕೇಜಿನವರು ಕೊಡುವ ಚೀಟಿಯಲ್ಲಿ ಈ ಮಾತು ಇರುವುದಿಲ್ಲ.

ಕ್ರಥೋಂಗ್ ಅನ್ನು ಕೊಳ್ಳುವುದಕ್ಕಿಂತ ಮಾಡುವುದು ಮೇಲು. ಹಬ್ಬದ ಹಗಲು ಅನೇಕ ಹೋಟೆಲ್, ದೇವಾಲಯದ ಅಂಗಳ, ಮಾರುಕಟ್ಟೆಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಕಡೆಯವರಿಗೆ ಸಾಮಾನೆಲ್ಲ ಗುರುತಿನದೇ: ಬಾಳೆಕಾಂಡ, ಬಾಳೆಎಲೆ, ಚೆಂಡುಹೂ, ಒಂದು ಮೇಣದಬತ್ತಿ, ಮೂರು ಊದಿನಕಡ್ಡಿ. ಕಾಂಡದ ಸೊನೆ ಬಸಿಯುವ ಹೊತ್ತು ಬಿಟ್ಟರೆ, ಮುತ್ತುಗದ ಎಲೆ ಹಚ್ಚಿ ಗೊತ್ತಿರುವ ಕೈಗೆ ಮುಕ್ಕಾಲು ಗಂಟೆಯ ಕೆಲಸ.

ಮೊದಲು ಕಾಂಡ. ಪಲ್ಯಕ್ಕೆ ಬಳಸುವ ಒಳಗಿನ ಬಿಳಿ ದಿಂಡು ಇದಕ್ಕೆ ಆಗದು, ಪಟ್ಟೆ ಸಮೇತ ಇಡೀ ಕಾಂಡ ಬೇಕು. ಗೊನೆ ಕೊಯ್ದು ಕಡಿದ ಗಿಡದ್ದಾದರೆ ಒಳ್ಳೆಯದು. ಆರಿಂಚು ಅಗಲ, ಎರಡಿಂಚು ದಪ್ಪದ ಬಿಲ್ಲೆ ಕತ್ತರಿಸಿಕೊಳ್ಳಬೇಕು. ಬಾಳೆಕಾಂಡ ಮರದಂತೆ ಗಟ್ಟಿಯಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳ ಸುರುಳಿ. ಒಂದಿಂಚಿನ ತೆಳು ಬಿಲ್ಲೆ ಕತ್ತರಿಸಿದರೆ ಪದರಗಳು ಜಾರಿ ಬಳೆಗಳಂತೆ ಬಿಚ್ಚಿಕೊಳ್ಳುತ್ತವೆ. ದಪ್ಪ ಬಿಲ್ಲೆಗೂ ಪಕ್ಕದಿಂದ ಎರಡು ಬಿದಿರು ಸೀಳನ್ನು ಅಡ್ಡಡ್ಡ ಚುಚ್ಚಿ ಆಚೆ ಬದಿಗೆ ತಾಕಿಸಿದರೆ ಪದರಗಳು ಹಿಡಿದು ನಿಲ್ಲುತ್ತವೆ. ಕತ್ತರಿಸಿದ ಕೂಡಲೇ ಸೊನೆ ಇಳಿಯುತ್ತದೆ. ಅದು ಬಟ್ಟೆಗೆ ತಾಗಿತೋ, ಕಲೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ ಅನ್ನುವುದು ಬಾಳೆ ತೋಟದ ಪ್ರತಿಯೊಬ್ಬರಿಗೂ ಗೊತ್ತು. ಹಬ್ಬಕ್ಕೆಂದು ಬಾಡಿಗೆಗೆ ತಂದ ಥಾಯ್ ರೇಷ್ಮೆ ಉಟ್ಟು ಈ ಕೆಲಸಕ್ಕೆ ಕೂರಬೇಡಿ. ಬಿಲ್ಲೆಯನ್ನು ಬೋರಲು ಹಾಕಿ ಒಂದೆರಡು ಗಂಟೆ ಸೊನೆ ಬಸಿಯಲು ಬಿಡಬೇಕು. ಹಸಿಯಾಗಿರಲಿ ಅಂತ ನೀರಲ್ಲಿ ನೆನೆಹಾಕುವುದು ತಪ್ಪು. ಬಾಳೆಕಾಂಡ ತೇಲುವುದು ಅದರ ಗೂಡುಗಳಲ್ಲಿರುವ ಗಾಳಿಯಿಂದ, ಆ ಗೂಡಿಗೆ ನೀರು ಹೊಕ್ಕಷ್ಟೂ ತೆಪ್ಪ ಕೆಳಗಿಳಿಯುತ್ತದೆ.

ಹೂವು ಚುಚ್ಚುವ ಮೊದಲೇ ಒಂದು ಬಕೆಟ್ಟಿನಲ್ಲಿ ಬರಿ ಬಿಲ್ಲೆಯನ್ನು ತೇಲಿಸಿ ನೋಡಿ. ಒಂದು ಕಡೆ ವಾಲಿದರೆ ಕತ್ತಿ ಓರೆ ಹೋಗಿದೆ ಅಂತ ಅರ್ಥ. ತಳದಲ್ಲಿ ಮುಳುಗಿದ ಬದಿಯನ್ನು ಸ್ವಲ್ಪ ಹೆರೆದು ಸರಿಮಾಡಬಹುದು. ಮೇಲ್ಮೈ ನೀರಿನಿಂದ ಒಂದು ಬೆರಳಾದರೂ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಮೊದಲ ಅಲೆಗೇ ಮೇಣದಬತ್ತಿ ಆರುತ್ತದೆ. ಅಲಂಕಾರವೆಲ್ಲ ಮುಗಿದ ಮೇಲೆ ವಾಲುವುದು ಕಂಡರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಈಗ ಎಲೆ. ಹಸಿ ಬಾಳೆಎಲೆಯನ್ನು ಹಾಗೇ ಮಡಚಿದರೆ ನರದ ಗುಂಟ ಸೀಳುತ್ತದೆ. ಕಡುಬಿಗೆ ಬಾಡಿಸುವಂತೆ ಉರಿಯ ಮೇಲೆ ಒಮ್ಮೆ ಹಾಯಿಸಿ, ಅಥವಾ ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಿ. ನಡುದಂಟು ತೆಗೆದು, ನರಗಳ ಉದ್ದಕ್ಕೆ ಒಂದೂವರೆ ಇಂಚು ಅಗಲ, ಎಂಟಿಂಚು ಉದ್ದದ ಪಟ್ಟಿಗಳಾಗಿ ಸೀಳಿಕೊಳ್ಳಬೇಕು. ಪಟ್ಟಿಯನ್ನು ಅಡ್ಡ ಹಿಡಿದು, ನಡುವಿನಿಂದ ಎಡ ತುದಿಯನ್ನೂ ಬಲ ತುದಿಯನ್ನೂ ಓರೆಯಾಗಿ ಕೆಳಕ್ಕೆ ಮಡಚಿದರೆ ಮೇಲೆ ಮೊನೆ, ಕೆಳಗೆ ಎರಡು ಕಾಲು ಇರುವ ಎಸಳಾಗುತ್ತದೆ. ಆರಿಂಚಿನ ಬಿಲ್ಲೆಯ ಸುತ್ತಳತೆ ಸುಮಾರು ಹತ್ತೊಂಬತ್ತು ಇಂಚು. ಒಂದರ ಮೇಲೆ ಅರ್ಧ ಬರುವಂತೆ ಎಸಳು ಜೋಡಿಸಿದರೆ ಒಂದು ಸುತ್ತಿಗೆ 13 ಬೇಕು. ಎರಡನೇ ಸುತ್ತನ್ನು ಮೊದಲಿನ ಸುತ್ತಿನ ಸಂದುಗಳಲ್ಲಿ ಮೊನೆ ಬರುವಂತೆ ಕೂಡಿಸಿದರೆ ಒಟ್ಟು 26. ಹರಿಯುವುದು, ಓರೆಯಾಗುವುದು ಇದ್ದದ್ದೇ, 30 ಪಟ್ಟಿ ಸೀಳಿಟ್ಟುಕೊಳ್ಳಿ. ಎಸಳಿನ ಕಾಲುಗಳು ಬಿಲ್ಲೆಯ ಪಕ್ಕವನ್ನು ಮುಚ್ಚಿ ಅರ್ಧ ಇಂಚು ಕೆಳಗಿಳಿದಿರುತ್ತವೆ. ಇಳಿಬಿದ್ದದ್ದನ್ನು ಕತ್ತರಿಯಿಂದ ಕತ್ತರಿಸಿ ಹಾಕದಿದ್ದರೆ ಅದು ನೀರಿನಲ್ಲಿ ತೋಯ್ದು ಎಸಳನ್ನೇ ಕೆಳಗೆಳೆಯುತ್ತದೆ.

ಎಸಳನ್ನು ಯಾವುದರಿಂದ ಚುಚ್ಚುತ್ತೀರಿ ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. ಅವಸರದ ಅಂಗಡಿಗಳಲ್ಲಿ ಗುಂಡುಪಿನ್ನು ಇಲ್ಲವೇ ಸ್ಟೇಪ್ಲರ್ ಬಳಸುತ್ತಾರೆ. ಬೇಗ ಆಗುತ್ತದೆ, ನೋಡಲಿಕ್ಕೂ ಅಚ್ಚುಕಟ್ಟು. ಆದರೆ ಎಲೆ ಕೊಳೆತ ಮೇಲೆ ಪಿನ್ನು ನೀರಿನ ತಳದಲ್ಲಿ ಉಳಿಯುತ್ತದೆ, ಇಲ್ಲವೇ ಗೊಬ್ಬರಕ್ಕೆ ಹೋಗುವ ರಾಶಿಯಲ್ಲಿ ಸೇರಿ ಕೂರುತ್ತದೆ. ತೆಂಗಿನ ಗರಿಯ ಕಡ್ಡಿಯನ್ನು ಒಂದಿಂಚಿನ ತುಂಡು ಮಾಡಿ, ಒಂದು ತುದಿ ಚೂಪು ಮಾಡಿಕೊಂಡರೆ ಅದೇ ಪಿನ್ನು. ಬಿದಿರಿನ ಹಲ್ಲುಕಡ್ಡಿಯೂ ಆದೀತು. ಕೊಳ್ಳುವವರು ಮಾರುವ ಹೆಂಗಸಿನ ಎದುರೇ ಕ್ರಥೋಂಗ್ ತಿರುಗಿಸಿ ತಳ ನೋಡಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತಳ ಬಿಳಿಯಾಗಿ ನುಣ್ಣಗಿದ್ದರೆ ಅದು ಥರ್ಮೋಕೋಲ್, ಅಲ್ಲೇ ಇಟ್ಟು ಮುಂದೆ ಹೋಗಿ.

ಮೇಣದಬತ್ತಿ ಗಿಡ್ಡವಾಗಿ, ಬೆರಳು ದಪ್ಪದ್ದಿರಲಿ. ಬಿಲ್ಲೆಯ ನಟ್ಟನಡುವೆ ಒಂದಿಂಚು ಆಳ ತೂತು ಕೊರೆದು ಊರಬೇಕು, ಮೇಲೆ ಎರಡು ಮೂರು ಇಂಚು ಕಂಡರೆ ಸಾಕು. ನೀಳ ಮೇಣದಬತ್ತಿ ಚಿತ್ರದಲ್ಲಿ ಚಂದ, ನೀರಿನಲ್ಲಿ ತಲೆಭಾರವಾಗಿ ಮಗುಚುತ್ತದೆ. ಊದಿನಕಡ್ಡಿಗಳ ಬುಡವನ್ನೂ ಮುರಿದು ಗಿಡ್ಡ ಮಾಡಿ, ಬತ್ತಿಯಿಂದ ದೂರಕ್ಕೆ ಸ್ವಲ್ಪ ಹೊರವಾಲಿಸಿ ನೆಡಬೇಕು. ಬತ್ತಿಯ ಸುತ್ತ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಚೆಂಡುಹೂವು, ಸೇವಂತಿಗೆಯನ್ನು ಅಂಚಿನ ಕಡೆ ತುಂಬಿ. ಒಣಗಿದ ಹೂ ಬತ್ತಿಗೆ ಒತ್ತಿಕೊಂಡಿದ್ದರೆ ಬತ್ತಿ ಇಳಿಯುತ್ತಿದ್ದಂತೆ ಇಡೀ ತೆಪ್ಪ ಹೊತ್ತಿಕೊಳ್ಳುತ್ತದೆ. ಕ್ರಥೋಂಗ್‌ಗೆ ಬೆಂಕಿ ಬಿದ್ದದ್ದನ್ನು ಕಂಡು ಸುತ್ತಲಿನವರು ನಗುತ್ತಾರೆ ನಿಜ, ಅದು ಪಕ್ಕದವರ ಕ್ರಥೋಂಗ್‌ಗೂ ಹಬ್ಬಿದಾಗ ನಗೆ ನಿಲ್ಲುತ್ತದೆ.

ಪರಿಸರಸ್ನೇಹಿ ಅಂತ ಬ್ರೆಡ್ಡಿನ ಕ್ರಥೋಂಗ್ ಮಾರುತ್ತಾರೆ. ಮೀನು ತಿಂದು ಮುಗಿಸುತ್ತವೆ, ಕಸವೇ ಇಲ್ಲ ಎಂಬುದು ಅದರ ವಾದ. ಒಂದೆರಡಕ್ಕೆ ಈ ಮಾತು ಸರಿ. ಹರಿಯದ ಕೊಳಕ್ಕೆ ಸಾವಿರ ಜನ ಸಾವಿರ ಬ್ರೆಡ್ಡು ಬಿಟ್ಟರೆ ಮೀನು ಎಷ್ಟು ತಿಂದಾವು? ಉಳಿದದ್ದು ಕರಗಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ, ನೀರು ನಾರಿ ಮೀನುಗಳೇ ಸಾಯುತ್ತವೆ. ಬೆಳಗ್ಗೆ ಬಾಳೆಬಿಲ್ಲೆಯನ್ನು ಬಲೆ ಹಾಕಿ ಎತ್ತಬಹುದು, ಕರಗಿದ ಬ್ರೆಡ್ಡನ್ನು ಎತ್ತಲಾಗದು. ಹಾಗಾಗಿ ಬ್ರೆಡ್ಡಿಗಿಂತ ಬಾಳೆಯೇ ವಾಸಿ.

ಬ್ಯಾಂಕಾಕ್ ಪಾಲಿಕೆಯವರು ಅದೇ ರಾತ್ರಿ ದೋಣಿ ಇಳಿಸಿ ಬೆಳಗಾಗುವುದರೊಳಗೆ ಕ್ರಥೋಂಗ್ ಎತ್ತಿ, ಎಣಿಸಿ, ಲೆಕ್ಕ ಪ್ರಕಟಿಸುತ್ತಾರೆ. 2023ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಎತ್ತಿದ್ದರು. ಅದರಲ್ಲಿ ಬಹುಪಾಲು ಬಾಳೆ ಮುಂತಾದ ನೈಸರ್ಗಿಕ ವಸ್ತುಗಳದ್ದು. ಅದು ಗೊಬ್ಬರಕ್ಕೆ ಹೋಗುತ್ತದೆ, ಥರ್ಮೋಕೋಲ್ ಕಸದ ಗುಂಡಿಗೆ. ಮನೆಗೊಂದೇ ಕ್ರಥೋಂಗ್ ಸಾಕು ಅಂತ ಅವರು ಕೇಳಿಕೊಳ್ಳುತ್ತಾರೆ. ಗುಂಪು ಪ್ರವಾಸದಲ್ಲಿ ನಲವತ್ತು ಜನಕ್ಕೆ ನಲವತ್ತು ಕೊಳ್ಳುವ ನಮ್ಮವರು ಇದನ್ನು ಪಾಲಿಸಿದರೆ ಖರ್ಚೂ ಕಮ್ಮಿ.

ಬಿಡುವ ವಿಧಾನ ಸರಳ. ನೀರಿನ ಅಂಚಿಗೆ ಹೋದ ಮೇಲೆಯೇ ಬತ್ತಿ, ಊದಿನಕಡ್ಡಿ ಹಚ್ಚಿ, ದಾರಿಯಲ್ಲೇ ಹಚ್ಚಿಕೊಂಡರೆ ಗದ್ದಲದಲ್ಲಿ ಯಾರದೋ ಸೆರಗಿಗೆ ತಾಗೀತು. ಆ ದಿನ ನೈಲಾನ್, ಜಾರ್ಜೆಟ್ ಬೇಡ, ಹತ್ತಿಯ ಬಟ್ಟೆ ಉಡಿ. ಎರಡೂ ಕೈಯಿಂದ ಕ್ರಥೋಂಗ್ ಹಿಡಿದು ಹಣೆಯ ಮಟ್ಟಕ್ಕೆ ಎತ್ತಿ ಬೇಡಿಕೊಂಡು, ಮಂಡಿಯೂರಿ ನೀರಿನ ಮೇಲೆ ಮೆಲ್ಲಗೆ ಇಟ್ಟು, ಪಕ್ಕದ ನೀರನ್ನು ಅಂಗೈಯಿಂದ ತಳ್ಳಬೇಕು. ಕ್ರಥೋಂಗ್ ಅನ್ನೇ ತಳ್ಳಿದರೆ ವಾಲುತ್ತದೆ. ಮೇಲಿನಿಂದ ಎಸೆಯುವುದಂತೂ ಕೂಡದು. ಕೈಗೆ ನೀರು ಎಟುಕದಷ್ಟು ಎತ್ತರದ ಕಟ್ಟೆಯಾದರೆ ಕೋಲಿನ ತುದಿಯ ಬುಟ್ಟಿಯಲ್ಲಿ ಇಳಿಸಿಕೊಡುವವರು ಕೆಲವೆಡೆ ಇರುತ್ತಾರೆ. ಇಲ್ಲದಿದ್ದರೆ ಬೇರೆ ಜಾಗ ಹುಡುಕಿ, ಬಗ್ಗಬೇಡಿ. ಮಕ್ಕಳ ಕೈ ಬಿಡಬಾರದು. ಜನ ತುಂಬಿದ ತೇಲುಕಟ್ಟೆಯ ಮೇಲೆ ಹೆಜ್ಜೆಯಿಡುವ ಮೊದಲು ಎಷ್ಟು ಜನಕ್ಕೆ ಅವಕಾಶ ಅಂತ ಬರೆದ ಫಲಕ ನೋಡಿಕೊಳ್ಳಿ.

ಬ್ಯಾಂಕಾಕ್‌ನ ಚಾವೊ ಫ್ರಾಯಾ ಹೊಳೆಯಲ್ಲಿ ಇನ್ನೊಂದು ತಮಾಷೆ ಇದೆ. ಸಮುದ್ರ ಹತ್ತಿರವಿರುವುದರಿಂದ ಆ ಹೊಳೆಗೆ ಉಬ್ಬರವಿಳಿತ ತಟ್ಟುತ್ತದೆ, ಹುಣ್ಣಿಮೆಗೆ ಉಬ್ಬರ ಇನ್ನೂ ಜೋರು. ಉಬ್ಬರದ ಹೊತ್ತಿಗೆ ಬಿಟ್ಟ ಕ್ರಥೋಂಗ್ ಸಮುದ್ರದ ಕಡೆ ಹೋಗುವ ಬದಲು ಮೇಲಕ್ಕೆ ಹೊರಡುತ್ತದೆ, ಇಲ್ಲವೇ ದೋಣಿಯ ಅಲೆಗೆ ಸಿಕ್ಕಿ ಬಿಟ್ಟವರ ಕಾಲ ಬಳಿಗೇ ವಾಪಸ್ ಬರುತ್ತದೆ. ಅಪಶಕುನ ಅಂತ ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ. ಅದು ಬರೀ ಚಂದ್ರನ ಸೆಳೆತ. ದೀಪ ನಿಧಾನವಾಗಿ ದೂರ ಸರಿಯುವುದನ್ನು ನೋಡಬೇಕೆಂದರೆ ಲುಂಫಿನಿ ಉದ್ಯಾನದಂಥ ಕೊಳ ಒಳ್ಳೆಯದು. ಆ ವಾರದ ಆಸುಪಾಸಿನಲ್ಲೇ ವಾಟ್ ಸಾಕೇತ್ ಎಂಬ ಬೌದ್ಧ ದೇವಾಲಯದ ಗುಡ್ಡದ ಜಾತ್ರೆಯೂ ನಡೆಯುತ್ತದೆ. ಅಲ್ಲಿ ಸ್ತೂಪಕ್ಕೆ ಉದ್ದನೆಯ ಕೆಂಪು ಬಟ್ಟೆ ಸುತ್ತಿರುತ್ತಾರೆ.

ಆದರೂ ಸಂಸಾರ ಸಮೇತ ಹೋಗುವವರಿಗೆ ಸುಖೋಥಾಯ್ ಹೇಳಿ ಮಾಡಿಸಿದ ಜಾಗ. ಹಂಪಿಯಂತೆ ಅದೂ ಯುನೆಸ್ಕೋ ಪಟ್ಟಿಯಲ್ಲಿರುವ ಹಾಳೂರು, ಸೇರಿದ್ದು 1991ರಲ್ಲಿ. ಹಳೇ ದೇಗುಲಗಳ ನಡುವಿನ ಕೊಳಗಳಲ್ಲಿ ದೀಪ ಬಿಡುತ್ತಾರೆ, ಹಬ್ಬ ಹಲವು ದಿನ ನಡೆಯುತ್ತದೆ. ತೊಡಕಿರುವುದು ವಸತಿಯಲ್ಲಿ. ಹೆಚ್ಚಿನ ಹೋಟೆಲುಗಳು ಹೊಸ ಊರಿನಲ್ಲಿವೆ. ಅಲ್ಲಿಂದ ಹಳೇ ಊರು 12 ಕಿ.ಮೀ., ತಡರಾತ್ರಿ ವಾಪಸ್ ಬರಲು ಗಾಡಿ ಸಿಗುವುದು ಕಷ್ಟ. ತಿಂಗಳುಗಟ್ಟಲೆ ಮುಂಚೆ ಹಳೇ ಊರಲ್ಲೇ ಕೋಣೆ ಹಿಡಿಯಿರಿ, ಇಲ್ಲವೇ ಹೋಗುವ ಗಾಡಿಯನ್ನೇ ಬರುವುದಕ್ಕೂ ಮಾತಾಡಿಕೊಳ್ಳಿ. ರೈಲಿನಲ್ಲಿ ಹೋಗುವವರು ಇಳಿಯಬೇಕಾದ್ದು ಫಿಟ್ಸನುಲೋಕ್‌ನಲ್ಲಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು 60 ಕಿ.ಮೀ.

ಚಿಯಾಂಗ್ ಮಾಯ್‌ನ ಆಕಾಶದೀಪಗಳ ಫೋಟೊ ನೋಡಿ ಹೊರಡುವವರೇ ಹೆಚ್ಚು. ಅದು ಯೀ ಪೆಂಗ್ ಎಂಬ ಬೇರೆ ಹಬ್ಬ, ಉತ್ತರದ ಲಾನಾ ಜನರದ್ದು, ಅದೇ ಹುಣ್ಣಿಮೆಗೆ ಬರುತ್ತದೆ. ಒಮ್ಮೆಗೇ ಸಾವಿರಾರು ದೀಪ ಏರುವ ದೃಶ್ಯ ನಡೆಯುವುದು ಊರ ಹೊರಗೆ, ಸಾವಿರಾರು ಬಾತ್ (ಥಾಯ್ ಹಣ) ಟಿಕೆಟ್ಟಿನ ಬಯಲುಗಳಲ್ಲಿ. ಊರೊಳಗೆ ಮನಸ್ಸಿಗೆ ಬಂದ ಕಡೆ ಹಾರಿಸುವಂತಿಲ್ಲ, ಜಾಗ ಮತ್ತು ಹೊತ್ತು ಗೊತ್ತುಪಡಿಸಿರುತ್ತಾರೆ, ಮೀರಿದರೆ ದಂಡ, ಜೈಲು ಎರಡೂ ಇವೆ. ಆ ಸಂಜೆಗಳಲ್ಲಿ ಚಿಯಾಂಗ್ ಮಾಯ್‌ನ ಹಲವು ವಿಮಾನಗಳು ರದ್ದಾಗುತ್ತವೆ ಅಥವಾ ಹೊತ್ತು ಬದಲಾಗುತ್ತವೆ. ವಾಪಸ್ ಟಿಕೆಟ್ಟನ್ನು ಆ ರಾತ್ರಿಗೆ ಇಟ್ಟುಕೊಳ್ಳಲೇಬಾರದು. ಹಾರಿಸುವುದೇ ಆದರೆ ಇಬ್ಬರು ಬೇಕು. ಕಾಗದವನ್ನು ಪೂರ್ತಿ ಬಿಡಿಸಿ, ಕೆಳಗಿನ ಮೇಣದ ಸುರುಳಿ ಸುತ್ತಲೂ ಹೊತ್ತುವವರೆಗೆ ಕಾದು, ಒಳಗೆ ಬಿಸಿಗಾಳಿ ತುಂಬಿ ದೀಪ ತಾನೇ ಕೈಯಿಂದ ಮೇಲಕ್ಕೆ ಜಗ್ಗಿದಾಗ ಮಾತ್ರ ಬಿಡಬೇಕು. ಅವಸರಕ್ಕೆ ಬಿಟ್ಟದ್ದು ಎದುರಿನವರ ತಲೆಯ ಮೇಲೆ ಇಳಿಯುತ್ತದೆ. ಏರಿದ್ದೆಲ್ಲ ಎಲ್ಲೋ ಒಂದು ಗದ್ದೆಗೋ ಹುಲ್ಲಿನ ಮಾಡಿಗೋ ಬೀಳಲೇಬೇಕು ಎಂಬುದನ್ನು ನೆನೆದರೆ, ನೋಡಿ ಸಂತೋಷಪಟ್ಟು ಸುಮ್ಮನಿರುವುದೇ ಸರಿ.

ಇವೆಲ್ಲಕ್ಕಿಂತ ನಮ್ಮ ಕಡೆಯವರಿಗೆ ಹಿಡಿಸಬಹುದಾದದ್ದು ತಾಕ್ ಎಂಬ ಊರಿನದು. ಅಲ್ಲಿ ತೆಪ್ಪ ಬಾಳೆಯದಲ್ಲ, ತೆಂಗಿನ ಚಿಪ್ಪಿನದು. ಕೊಬ್ಬರಿ, ಕಡಲೆಬೀಜ, ಶುಂಠಿಯನ್ನೆಲ್ಲ ಎಲೆಯಲ್ಲಿ ಸುತ್ತಿ ತಿನ್ನುವ ಮಿಯಾಂಗ್ ಎಂಬ ತಿನಿಸು ಆ ಊರಿನ ಕಸುಬು; ಉಳಿದ ಚಿಪ್ಪುಗಳನ್ನು ಕೂಡಿಡುತ್ತಾರೆ. ಚಿಪ್ಪನ್ನು ಹೆರೆದು ನುಣುಪು ಮಾಡಿ, ದಾರದ ಬತ್ತಿ ನಿಲ್ಲಿಸಿ, ಕರಗಿಸಿದ ಮೇಣ ಹುಯ್ದು, ಪಿಂಗ್ ಹೊಳೆಯಲ್ಲಿ ಒಂದರ ಹಿಂದೊಂದು ಸಮ ಅಂತರದಲ್ಲಿ ಬಿಡುತ್ತಾರೆ. ಹೊಳೆಯ ಸೆಳೆತ ಗೊತ್ತಿದ್ದವರು ಎಲ್ಲಿ ನಿಂತು, ಎಷ್ಟು ಹೊತ್ತಿಗೊಮ್ಮೆ ಬಿಡಬೇಕೆಂದು ಲೆಕ್ಕ ಹಾಕುತ್ತಾರೆ. ಸಾಲು ಕಡಿಯದೆ ಹೊಳೆಯ ತಿರುವಿನವರೆಗೂ ದೀಪದ ಸರ ಹೋಗುತ್ತದೆ. ಓಣಿ ಓಣಿಗಳ ತಂಡಗಳ ನಡುವೆ ಅದಕ್ಕೆ ಪೈಪೋಟಿಯೂ ಇದೆ.

ಹೋಗುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಸುಮಾರು ನಾಲ್ಕು ಗಂಟೆ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. 2025ರ ಮೇ 1ರಿಂದ ವಿದೇಶಿಯರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ತಲುಪುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ. ಸರ್ಕಾರಿ ಜಾಲತಾಣದಲ್ಲಿ ಅದು ಪುಕ್ಕಟೆ, ದುಡ್ಡು ಕೇಳುವ ತಾಣಗಳು ದಲ್ಲಾಳಿಗಳದ್ದು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ಮೊದಲೇ ರಾಯಭಾರ ಕಚೇರಿಯ ತಾಣ ನೋಡಿಕೊಳ್ಳಿ. ಸಸ್ಯಾಹಾರಿಗಳಿಗೆ ಅಲ್ಲಿನ ದೊಡ್ಡ ತೊಂದರೆ ಮೀನಿನ ಸಾಸ್. ತರಕಾರಿ ಪಲ್ಯಕ್ಕೂ ಹಾಕಿರುತ್ತಾರೆ, ಮಾಂಸ ಬೇಡ ಅಂದರಷ್ಟೇ ಸಾಲದು. ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ 'ಜೇ' ಅಂಗಡಿಗಳಲ್ಲಿ ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಜಾತ್ರೆಯ ಬೀದಿಯಲ್ಲಿ ಕುಳಿ ಹಂಚಿನಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹುಯ್ದು ಸುಡುವ ಖನೋಮ್ ಕ್ರೋಕ್ ಸಿಗುತ್ತದೆ. ದಾವಣಗೆರೆಯವರಿಗೆ ಅದು ಸಿಹಿ ಪಡ್ಡು, ಧೈರ್ಯವಾಗಿ ತಿನ್ನಬಹುದು.

ಅಷ್ಟು ದೂರ ಹೋಗಲಾಗದವರಿಗೆ ಒಡಿಶಾ ಇದೆ. ಕಟಕ್, ಪುರಿ ಕಡೆ ಕಾರ್ತಿಕ ಹುಣ್ಣಿಮೆಯ ಬೆಳಗಿನ ಜಾವ ಬಾಳೆಪಟ್ಟೆಯ ದೋಣಿಯಲ್ಲಿ ದೀಪ, ವೀಳ್ಯದೆಲೆ, ಅಡಿಕೆ ಇಟ್ಟು ತೇಲಿಬಿಡುತ್ತಾರೆ. ಹಿಂದೆ ಕಡಲು ದಾಟಿ ವ್ಯಾಪಾರಕ್ಕೆ ಹೋಗುತ್ತಿದ್ದವರ ನೆನಪಿನ ಬೋಯಿತ ಬಂದಾಣ ಅದು.

ನೋಡಿ ಬಂದವರಿಗೆ ಇಲ್ಲೂ ಮಾಡಬೇಕೆನಿಸುವುದು ಸಹಜ. ಕುಂದವಾಡ ಕೆರೆಗೆ ಮಾತ್ರ ಏನನ್ನೂ ಬಿಡಬೇಡಿ, ದಾವಣಗೆರೆ ಕುಡಿಯುವ ನೀರು ಅದು. ದುರ್ಗದ ಕೋಟೆಯ ಅಕ್ಕ-ತಂಗಿ ಹೊಂಡದಂಥ ನಿಂತ ನೀರೂ ಬೇಡ, ಬಿದ್ದದ್ದು ಅಲ್ಲೇ ಕೊಳೆಯುತ್ತದೆ. ಹರಿಹರದಲ್ಲಿ ತುಂಗಭದ್ರೆಯ ದಡವೇ ಆಗಬೇಕೆಂದರೆ ತಾಕ್‌ನವರ ಚಿಪ್ಪು ಒಳ್ಳೆಯದು, ಹೊಸದುರ್ಗ, ಹಿರಿಯೂರಿನ ತೆಂಗಿನ ಸೀಮೆಯಲ್ಲಿ ಚಿಪ್ಪಿಗೇನು ಬರವಿಲ್ಲ. ಕಣ್ಣಿರುವ ಹೋಳು ಬೇಡ, ಕಣ್ಣಿನಲ್ಲಿ ನೀರು ಒಸರುತ್ತದೆ. ಕಣ್ಣಿಲ್ಲದ ಹೋಳು ಆರಿಸಿ. ತಳದಲ್ಲಿ ಒಂದು ಬೆರಳು ಮೇಣ ಹುಯ್ದು ಗಟ್ಟಿಯಾಗಲು ಬಿಟ್ಟರೆ ಅದೇ ಭಾರವಾಗಿ ಚಿಪ್ಪು ಹೊರಳದೆ ನಿಲ್ಲುತ್ತದೆ, ಆಮೇಲೆ ಬತ್ತಿ ಇಟ್ಟು ಮಿಕ್ಕ ಮೇಣ ಹುಯ್ಯಬೇಕು. ಅಂಚಿನಲ್ಲಿ ತೂತು ಕೊರೆದು ಇಪ್ಪತ್ತು ಅಡಿ ದಾರ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿರಲಿ, ದೀಪ ಆರಿದ ಮೇಲೆ ಎಳೆದುಕೊಂಡರೆ ಮುಂದಿನ ವರ್ಷಕ್ಕೂ ಆಯಿತು. ದಾರ ಹತ್ತಿಯದಿರಲಿ. ನೈಲಾನ್ ದಾರ ಬಂಡೆಗೆ ಸಿಕ್ಕಿ ತುಂಡಾದರೆ ಹೊಳೆಯಲ್ಲೇ ಉಳಿದು ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.